ಕಪ್ಪು ಎಳೆ

ಜಿಲಾಂಗ್ ಊರಿನ ಉಣ್ಣೆ ಗಿರಣಿಯಲ್ಲಿ ನನ್ನ ಗೆಳತಿ ಬೆರಿಲ್ ಮೂವತ್ತು ವರ್ಷ ಮಾಡಿದ್ದು ಒಂದೇ ಕೆಲಸ: ಬಿಳಿ ಬಟ್ಟೆಯಲ್ಲಿ ಅಪ್ಪಿತಪ್ಪಿ ಸೇರಿದ ಕಪ್ಪು ಎಳೆಯನ್ನು ಚಿಮಟದಿಂದ ಕಿತ್ತು, ಆ ಜಾಗವನ್ನು ಸೂಜಿಯಿಂದ ಸರಿಮಾಡುವುದು. ಅವಳು ಹೊಲಿದ ಜಾಗವನ್ನು ಹುಡುಕಿ ತೋರಿಸಿದವರನ್ನು ನಾನು ಕಂಡಿಲ್ಲ. ಗಿರಣಿ ಮುಚ್ಚಿದ ಮೇಲೆ ನಮ್ಮ ಕಾರ್ಯಾಗಾರಕ್ಕೆ ಬಂದಳು. ಈಗ ಎಪ್ಪತ್ತೊಂದು, ಬಾಯಿ ಮಾತ್ರ ಇನ್ನೂ ಹದಿನೆಂಟರದ್ದು.

ನಾವು ಎದೆಬಡಿತ ಅಳೆಯುವ ಬನಿಯನ್ ಹೆಣೆಯುತ್ತೇವೆ. ಮೊದಲು ಬೆಳ್ಳಿ ಲೇಪಿಸಿದ ದಾರ ಹಾಕುತ್ತಿದ್ದೆವು. ಒಗೆದಂತೆಲ್ಲ ಬೆಳ್ಳಿ ನೀರುಪಾಲು, ಬೆರಿಲ್‌ಳ ಗಂಡ ಕ್ಲೆಮ್‌ನ ಮೈತುಂಬ ಗುಳ್ಳೆ. ಈಗ ಉಣ್ಣೆ ದಾರಕ್ಕೇ ಸುಟ್ಟ ಕಟ್ಟಿಗೆಯ ಇಂಗಾಲ ಬಳಿಯುತ್ತೇವೆ. ಆ ಕಪ್ಪು ಎಳೆಗಳೇ ಬಡಿತ ಹಿಡಿದು ನಮ್ಮ ಪರದೆಗೆ ಕಳಿಸುತ್ತವೆ. ಕ್ಲೆಮ್‌ನ ಎದೆಬಡಿತ ಆಗಾಗ ತಪ್ಪುತ್ತದೆ, ತಪ್ಪಿದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಈ ಹೊಸ ದಾರದ ಮೊದಲ ಬನಿಯನ್ ಅವನಿಗೆ ಕೊಟ್ಟೆವು.

ಸೋಮವಾರ ಬೆಳಿಗ್ಗೆ ಕಾರ್ಯಾಗಾರದ ಪರದೆಯಲ್ಲಿ ಅವನ ಎದೆಬಡಿತದ ಗೆರೆ ಅಡ್ಡಡ್ಡ ಮಲಗಿತ್ತು. ಬೆರಿಲ್ ಮನೆಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಇಬ್ಬರೂ ಕಾರು ಹತ್ತಿದೆವು. ದಾರಿಯುದ್ದಕ್ಕೂ ಅವಳು ಮನೆಗೆ ಮತ್ತೆ ಮತ್ತೆ ಫೋನ್ ಮಾಡುತ್ತಲೇ ಇದ್ದಳು.

ಕ್ಲೆಮ್ ಅಡುಗೆಮನೆಯಲ್ಲಿ ರೇಡಿಯೊ ಜೋರಾಗಿ ಹಾಕಿಕೊಂಡು ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ.

"ಏನಿದು, ಸಾವಿಗೆ ಬಂದೋರ ಹಾಗೆ ಮುಖ ಮಾಡ್ಕೊಂಡು ಬಂದಿದೀರಲ್ಲ?"

ಬನಿಯನ್ ಬಿಚ್ಚಿಸಿ ನೋಡಿದೆ. ಎಡಪಕ್ಕೆಯಲ್ಲಿದ್ದ ಕಪ್ಪು ಎಳೆಗಳು ಮಾಯ. ಅಲ್ಲೆಲ್ಲ ಬಿಳಿ ಉಣ್ಣೆ, ಹೊಲಿಗೆಯ ಗುರುತೇ ಇಲ್ಲ. ಅಂಥ ಕೈ ಈ ಊರಿನಲ್ಲಿ ಒಬ್ಬಳದ್ದೇ. ನಾನು ಬೆರಿಲ್‌ಳ ಮುಖ ನೋಡಿದೆ.

ಅವಳು ಕುರ್ಚಿಯಲ್ಲಿ ಕುಸಿದಳು. "ಅಯ್ಯೋ, ನನ್ನ ಕೈ ಸೇದಿಹೋಗ! ನಿನ್ನೆ ಟೀವಿ ನೋಡ್ತಾ ಒಣಗಿದ ಬಟ್ಟೆ ಮಡಿಸ್ತಿದ್ದೆ. ಬಿಳೀಲಿ ಕಪ್ಪು ಕಾಣ್ತು, ಕೈ ತಾನಾಗೇ ಕಿತ್ತು ಹೊಲಿದೂಬಿಡ್ತು. ತಲೆಗೆ ಹೊಳೀಲೇ ಇಲ್ಲ!"

"ನನ್ನ ಹೃದಯಾನೇ ಕಿತ್ತೆ ಅನ್ನು," ಎಂದು ಕ್ಲೆಮ್ ನಕ್ಕ. "ನಲವತ್ತೈದು ವರ್ಷದಿಂದ ಮಾಡ್ತಿರೋದೇ ಅದು."

ಅವಳು ನಗಲಿಲ್ಲ. ನನ್ನ ಚೀಲದಲ್ಲಿದ್ದ ಕಪ್ಪು ದಾರವನ್ನು ಸೂಜಿಗೆ ಪೋಣಿಸಿದಳು. ಒಂದೊಂದೇ ಎಳೆ ತನ್ನ ಜಾಗ ಸೇರಿತು. ಕ್ಲೆಮ್‌ಗೆ ಬನಿಯನ್ ಮತ್ತೆ ತೊಡಿಸಿದೆವು. ನನ್ನ ಫೋನಿನಲ್ಲಿ ಗೆರೆ ಎದ್ದಿತು. ಎರಡು ಬಡಿತ, ಒಂದು ಖಾಲಿ. ಮೂರು ಒಟ್ಟೊಟ್ಟಿಗೆ, ಮತ್ತೆ ಖಾಲಿ.

"ಹೊಲಿಗೆ ತಪ್ಪಿದೆ ಕಣೇ," ಎಂದ ಕ್ಲೆಮ್, ಟೋಸ್ಟಿಗೆ ಕೈಚಾಚುತ್ತ.

ಬೆರಿಲ್ ಅವನ ಪಕ್ಕೆಯ ಮೇಲಿನ ಎಳೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ನನ್ನ ಹೊಲಿಗೆ ತಪ್ಪೋದಿಲ್ಲ, ಕ್ಲೆಮ್," ಎಂದಳು. "ಏಳು, ಶೂ ಹಾಕ್ಕೋ. ಆಸ್ಪತ್ರೆಗೆ ಹೋಗೋಣ."