ಗುಂಡಿ ಒಬ್ಬರ ಕೈಲಿ, ಕಾಲು ಇನ್ನೊಬ್ಬರದು

ನಿನ್ನೆ ನಮ್ಮ ಯಜಮಾನರ ಹಲ್ಲು ಕೀಳಿಸಲು ಹೋಗಿದ್ದೆವು. ಈಗ ನಾವಿರುವುದು ವಿಜಯವಾಡದಲ್ಲಿ. ಡಾಕ್ಟರು ನೋವು ತಿಳಿಯದಿರಲು ಕೊಡುವ ಗ್ಯಾಸಿನ ನೀಲಿ ಸಿಲಿಂಡರೊಂದನ್ನು ತಳ್ಳಿಕೊಂಡು ಬಂದು, "ನೈಟ್ರಸ್ ಆಕ್ಸೈಡ್, ಭಯಪಡಕಂಡಿ" ಎಂದು ಧೈರ್ಯ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಈ ಗ್ಯಾಸಿಗೂ ನಮಗೂ ಹಳೇ ಪರಿಚಯ, ಕೇಳಿ.

ತೊಂಬತ್ತರ ದಶಕ. ಯಜಮಾನರು ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಧಾರವಾಡದಿಂದ ಬಂದ ನಾವು ಟೌನ್‌ಶಿಪ್ಪಿನಲ್ಲಿ ಸಂಸಾರ ಹೂಡಿದ್ದೆವು. ಉಳಿದವರು ಮನೆ ಮುಂದೆ ಮಲ್ಲಿಗೆ ಬಳ್ಳಿ ಹಬ್ಬಿಸಿದರೆ, ನಮ್ಮ ಮನೆ ಮುಂದೆ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಯಾರೋ ಬಂದರಿನ ಸಾಹೇಬರು ಊರು ಬಿಡುವಾಗ ಮಾರಿಹೋದದ್ದು. ಅದನ್ನು ಒರೆಸುವ ಕೆಲಸ ನನ್ನದು, ಓಡಿಸುವುದು ಅವರದು. ತವರಿನಲ್ಲಿ ಅಪ್ಪನ ಜೀಪು ಓಡಿಸಿದವಳು ನಾನು, ಲೈಸೆನ್ಸೂ ಇತ್ತು. ಕೇಳಿದರೆ, "ಇದೇನ್ ಜೀಪ್ ಅಲ್ಲ, ನಿನಗ ಬಗ್ಗೂದಿಲ್ಲ ಬಿಡು" ಎನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಹಡಗಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಹೊರದೇಶದಿಂದ ನೈಟ್ರಸ್ ಕಿಟ್ ತಂದುಕೊಟ್ಟ. ಈ ಗ್ಯಾಸು ಹೆಚ್ಚುವರಿ ಪೆಟ್ರೋಲಿನ ಜೊತೆ ಎಂಜಿನ್ನಿಗೆ ನುಗ್ಗಿದರೆ ಗಾಡಿ ಚಿಮ್ಮುತ್ತದಂತೆ. ಆದರೆ ಆಕ್ಸಿಲರೇಟರ್ ಪೂರ್ತಿ ತುಳಿದಾಗಲೇ ಗ್ಯಾಸ್ ಬಿಡುವ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಎಂಜಿನ್ ಗೋವಿಂದ! ಯಜಮಾನರು ಮೆಕ್ಯಾನಿಕ್ ಅಪ್ಪಲರಾಜುವಿನ ಜೊತೆ ಸೇರಿ ಸೀಟಿನ ಹಿಂದೆ ಬಾಟಲಿ ಬಿಗಿದು, ಪೈಪು ಎಳೆದರು. ಗುಂಡಿಯನ್ನು ಮಾತ್ರ ನನ್ನ ಸೀಟಿನ ಮುಂದೆ ಕೂರಿಸಿದರು. ಕಾರ್ಖಾನೆಯಲ್ಲಿ ದೊಡ್ಡ ಯಂತ್ರವನ್ನು ಒಬ್ಬರೇ ಚಾಲೂ ಮಾಡುವಂತಿಲ್ಲ, ಇನ್ನೊಬ್ಬರು ನೋಡಿ ಒಪ್ಪಬೇಕು. ಆ ಶಿಸ್ತು ಮನೆಯ ಕಾರಿಗೂ ಬಂತು. ಹೇಳಿ, ಇಂಥ ಗಂಡನನ್ನು ಎಲ್ಲಿಯಾದರೂ ಕಂಡಿದ್ದೀರಾ?

ಭಾನುವಾರ ಬೆಳಿಗ್ಗೆ ಅಚ್ಯುತಾಪುರಂ ಕಡೆಯ ಖಾಲಿ ರಸ್ತೆಗೆ ಹೋದೆವು. ಎದುರಿಂದ ಯಾರೂ ಬರದಂತೆ ನೋಡಿಕೊಳ್ಳಲು ಅಪ್ಪಲರಾಜು ದೂರದಲ್ಲಿ ನಿಂತ. ಯಜಮಾನರು ಹೊರಟರು, ನಾನು ಗುಂಡಿಯ ಮೇಲೆ ಬೆರಳಿಟ್ಟು ಕಾದೆ. ವೇಗ ಏರಿದ್ದೇ ತಡ, ಅವರ ಕಾಲು ತಾನಾಗಿ ಮೇಲೆದ್ದಿತು. ಹಿಂದಕ್ಕೆ ಬಂದು ಮತ್ತೆ ಹೊರಟರು, ಮತ್ತೆ ಅದೇ ಕಥೆ.

"ಪೂರ್ತಿ ತುಳೀರಿ ಅಂದ್ರ!"

"ತುಳ್ಯಾಕತ್ತೀನಲ್ಲ!"

"ಎಲ್ಲಿ ತುಳ್ಯಾಕತ್ತೀರಿ? ಇಳೀರಿ ಕೆಳಗ. ನಾ ಹೊಡೀತೀನಿ."

ಅವರ ಮುಖ ಸಣ್ಣದಾಯಿತು. ಆದರೂ ಇಳಿದು ನನ್ನ ಸೀಟಿಗೆ ಬಂದರು. ನಾನು ಸೆರಗು ಸಿಕ್ಕಿಸಿ, ಗಾಡಿಗೆ ವೇಗ ಬಂದದ್ದೇ ಆಕ್ಸಿಲರೇಟರನ್ನು ತಳ ಮುಟ್ಟುವಂತೆ ತುಳಿದು, "ಒತ್ರೀ!" ಎಂದು ಕೂಗಿದೆ. ಒತ್ತಿದರು. ಬೆನ್ನು ಸೀಟಿಗೆ ಅಂಟಿತು. ರಸ್ತೆ ಬದಿಯ ತಾಳೆಮರಗಳು ಕಾಣಿಸಲೇ ಇಲ್ಲ. ಅಬ್ಬಬ್ಬಾ! ಅಂಥ ಖುಷಿ ನಾನು ಮದುವೆಯ ದಿನವೂ ಪಟ್ಟಿರಲಿಲ್ಲ.

ಕಾರು ನಿಂತಾಗ ಓಡಿಬಂದ ಅಪ್ಪಲರಾಜು, ಸ್ಟಿಯರಿಂಗ್ ಹಿಡಿದ ನನ್ನನ್ನು ನೋಡಿ "ಅಮ್ಮಗಾರಾ!" ಎಂದು ಬಾಯಿ ಬಿಟ್ಟ. ಓಡಿಸಿದ್ದು ಅವಳೇ, ತಾವು ಬರೀ ಗುಂಡಿ ಒತ್ತಿದ್ದು ಎಂದು ಯಜಮಾನರು ತಮ್ಮ ಹರಕು ತೆಲುಗಿನಲ್ಲಿ ಒಪ್ಪಿಕೊಂಡರು. ಅಂದಿನಿಂದ ಕಾರಿನ ಕೀಲಿ ನನ್ನದಾಯಿತು. ಈ ಕಥೆಯನ್ನು ನೆಂಟರಿಷ್ಟರಿಗೆಲ್ಲ ಎಷ್ಟು ಸಲ ಹೇಳಿದ್ದೇನೋ! ಪ್ರತಿ ಸಲವೂ ಗಟ್ಟಿಗಿತ್ತಿ ನಾನು, ಪುಕ್ಕಲರು ಅವರು.

ನಿನ್ನೆ ಅವರ ಮೂಗಿಗೆ ಮಾಸ್ಕ್ ಇಟ್ಟರು. ಗ್ಯಾಸಿನ ತಿರುಪು ಡಾಕ್ಟರ ಕೈಯಲ್ಲಿ. ಪಕ್ಕದಲ್ಲಿ ನಾನು, ಮಾಡಲು ಏನೂ ಇಲ್ಲದೆ, ಹೆದರಿಕೊಂಡು ಅವರ ಕೈ ಬಿಗಿಯಾಗಿ ಹಿಡಿದಿದ್ದೆ. ಸ್ಟಿಯರಿಂಗ್ ಹಿಡಿದವರಿಗೆ ಧೈರ್ಯ ತಾನಾಗಿ ಬರುತ್ತದೆ. ಅಂದು ಆ ಖಾಲಿ ರಸ್ತೆಯಲ್ಲಿ ನಾನು ಓಡಿಸುವಾಗ ಅವರ ಕೈಯಲ್ಲಿ ಸ್ಟಿಯರಿಂಗ್ ಇರಲಿಲ್ಲ, ಕಾಲಡಿ ಬ್ರೇಕೂ ಇರಲಿಲ್ಲ. ಅಷ್ಟು ಹೆದರುವ ಮನುಷ್ಯ, ನಾನು ಒತ್ತಿ ಅಂದಿದ್ದಕ್ಕೆ ಒತ್ತಿಬಿಟ್ಟಿದ್ದರು.