ಹಿಂದಿನ ಸೀಟಿನ ಶಾಕ್ ಬದಲಾಯಿಸಿದ್ದು

ನಮ್ಮ ಮನೆಗೆ ಇದ್ದದ್ದು ಒಂದೇ ಕಾರು. ನಿಮ್ಮ ತಾತ ಮತ್ತು ಅವರ ಅಣ್ಣ ಸೇರಿ, ಹಾಸನದಲ್ಲಿ ಯಾರೋ ಓಡಿಸಿ ಸಾಕು ಮಾಡಿದ್ದನ್ನು ತಂದಿದ್ದರು. ಬಿಳಿ ಬಣ್ಣದ ಪುಟ್ಟ ಕಾರು. ಎರಡು ಸಾವಿರದ ಇಸವಿ ಕಳೆದ ಮೇಲೆ, ಊರಲ್ಲೆಲ್ಲ ಹಾಕಿಸುತ್ತಿದ್ದಾರೆಂದು ಅದಕ್ಕೂ ಗ್ಯಾಸ್ ಕಿಟ್ ಹಾಕಿಸಿದರು. ಅಲ್ಲಿಂದ ಅದು ಪೆಟ್ರೋಲಿಗೂ ಓಡುತ್ತಿತ್ತು, ಗ್ಯಾಸಿಗೂ ಓಡುತ್ತಿತ್ತು. ಡಿಕ್ಕಿಯ ತುಂಬ ಗ್ಯಾಸಿನ ಟ್ಯಾಂಕು ಕೂತಿತು. ಆ ಭಾರಕ್ಕೆ ಕಾರಿನ ಹಿಂಭಾಗ ಗಬ್ಬದ ಎಮ್ಮೆಯ ಹಾಗೆ ಇಳಿದುಹೋಯಿತು. ಡಿಕ್ಕಿಯಲ್ಲಿ ಹೋಗಬೇಕಾದ ಬುಟ್ಟಿ, ಚೀಲ, ತೆಂಗಿನಕಾಯಿ ಎಲ್ಲ ಹಿಂದಿನ ಸೀಟಿಗೆ ಬಂದವು. ಹಿಂದಿನ ಸೀಟು ಎಂದರೆ ನಾನು.

ಮುಂದಿನ ಸೀಟು ಅಕ್ಕನದು. ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ, ನಿಮ್ಮ ದೊಡ್ಡಜ್ಜಿ. ಯಾರೂ ಹಾಗೆಂದು ಗೊತ್ತು ಮಾಡಿರಲಿಲ್ಲ. ಕಾರು ಬಂದ ದಿನ ಪೂಜೆ ಮಾಡಿ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವಾಗ ಅವರು ಮುಂದೆ ಕೂತರು, ಆಮೇಲೆ ಇಳಿಯಲಿಲ್ಲ. ಮುಂದಿನ ಚಿಕ್ಕ ಖಾನೆಯಲ್ಲಿ ಅವರ ಎಲೆಅಡಿಕೆ ಚೀಲ ಇರುತ್ತಿತ್ತು. ಕಿಟಕಿಯ ಗಾಳಿಗೆ ಅವರ ತುರುಬಿನ ಮಲ್ಲಿಗೆಯ ವಾಸನೆ ಹಿಂದಕ್ಕೆ ಬರುತ್ತಿತ್ತು. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಗುರುತಿನವರು ಸಿಕ್ಕರೆ ಕೈಯೆತ್ತುತ್ತಿದ್ದದ್ದು ಅವರಿಗೇ. ಬುಟ್ಟಿಗಳ ನಡುವೆ ನಾನಿದ್ದೇನೆಂದು ಎಷ್ಟೋ ಜನಕ್ಕೆ ಕಾಣುತ್ತಲೇ ಇರಲಿಲ್ಲ. ನನಗೆ ಹೊಟ್ಟೆಯುರಿ ಇತ್ತು. ದೊಡ್ಡಜ್ಜಿ ಇದನ್ನು ಓದಿದರೆ ಓದಲಿ.

ಒಂದು ವರ್ಷ ಅಕ್ಕನ ಮಗಳನ್ನು ಬಾಣಂತನಕ್ಕೆ ಅರಕಲಗೂಡಿನಿಂದ ಕರೆದು ತರಬೇಕಿತ್ತು. ಬಸುರಿ ಹುಡುಗಿಗೆ ಕುಲುಕಬಾರದೆಂದು ಭಾವ ಮುಂದಿನ ಎರಡು ಚಕ್ರಕ್ಕೂ ಹೊಸ ಶಾಕ್ ಹಾಕಿಸಿದರು. ಚಕ್ರ ಹಳ್ಳಕ್ಕೆ ಇಳಿದಾಗ ಏಟನ್ನು ನುಂಗಿಕೊಳ್ಳುವ ಕಂಬದಂಥ ಸಾಮಾನು ಅದು. ಹುಡುಗಿ ಮುಂದಿನ ಸೀಟಿನಲ್ಲಿ ಹಾಲು ತುಂಬಿದ ಪಾತ್ರೆಯ ಹಾಗೆ ಬಂದಿಳಿದಳು. ಅಂದು ಒಂದೇ ದಿನ ಅಕ್ಕ ಹಿಂದೆ ಕೂರಬೇಕಿತ್ತು. ಅವರು ಮನೆಯಲ್ಲೇ ಉಳಿದು ಆರತಿ ತಟ್ಟೆ ಹಿಡಿದು ನಿಂತಿದ್ದರು. ಹಿಂದೆ ಕೂತು ಬಂದವಳು ನಾನೇ.

ಮಾರನೆಯ ವರ್ಷ ನನ್ನ ಮಗಳ ಸರದಿ. ನಿಮ್ಮಲ್ಲಿ ಇಬ್ಬರಿಗೆ ಅಮ್ಮ, ಮಿಕ್ಕವರಿಗೆ ಅತ್ತೆ. ಅವಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದೆವು. ದಿನ ತುಂಬುತ್ತಾ ಬಂದಿತ್ತು, ಕಾಲು ಊದಿಕೊಂಡಿತ್ತು. ಕಾರಿನಲ್ಲಿ ಹೋಗುವುದಾದರೆ ಕಾಲು ನೀಡಿಕೊಂಡು ಹಿಂದೆ ಕೂರಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಆ ಹಿಂದಿನ ಸೀಟು ಎಂಥದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಹಳ್ಳ ಬಂದರೆ ತಲೆ ಮೇಲಿನ ತಗಡಿಗೆ ಹೊಡೆಯುತ್ತಿತ್ತು. ಹಿಂದಿನ ಶಾಕ್ ಬದಲಾಯಿಸದೆ ಅವಳನ್ನು ಅದರಲ್ಲಿ ತರಲು ನನಗೆ ಧೈರ್ಯವಿರಲಿಲ್ಲ. ನಿಮ್ಮ ತಾತನಿಗೆ ಹೇಳಿದೆ. "ಅಣ್ಣ ಏನಂತಾನೋ ನೋಡಾಣ" ಅಂದರು. ಅವರ ಅಣ್ಣನಿಗೆ ನಾನು ಹೇಳುವ ಹಾಗಿರಲಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲ. ಏನಿದ್ದರೂ ಅಕ್ಕನ ಕಿವಿಯಲ್ಲಿ ಹೇಳಬೇಕು, ಅಕ್ಕ ಅವರಿಗೆ ದಾಟಿಸಬೇಕು. ನನ್ನ ಮಾತಿಗೂ ಅವರೇ ಬಾಗಿಲು.

ಬಾಣಂತಿಗೆ ಬೇಕಾದ ಸಾಮಾನು ತರಲು ಒಂದು ದಿನ ಅಕ್ಕ ನಾನು ಹಾಸನಕ್ಕೆ ಹೊರಟೆವು. ನಿಮ್ಮ ತಾತನಿಗೆ ಆಫೀಸಿತ್ತು, ಭಾವ ಓಡಿಸಿದರು. ದಾರಿಯುದ್ದಕ್ಕೂ ಕಾರು ಡಬ್ ಡಬ್ ಎಂದದ್ದಕ್ಕೆ ಅವರೇ ಬೇಸತ್ತು ಗ್ಯಾರೇಜಿಗೆ ತಿರುಗಿಸಿದರು.

"ಎಲ್ಲಿಂದ ಬತ್ತದೆ ಸಾ ಸೌಂಡು?" ಎಂದ ಮೆಕ್ಯಾನಿಕ್.

"ಮುಂದ್ಗಡೆಯಿಂದ್ಲೇ ಇರ್ಬೇಕು ಕಣಯ್ಯ. ಓದ್ ವರ್ಸ ಆಕ್ಸಿದ್ದು, ಅದೇನಾಗದೋ ನೋಡು."

ಅವನೂ ಮುಂದಿನ ಚಕ್ರದ ಕಡೆಗೇ ಹೋದ. ನಾನು ಅಕ್ಕನ ಕಿವಿಗೆ ಬಾಗಿ, "ಅಕ್ಕ, ಹಿಂದಿಂದ ಬತ್ತದೆ. ಎಡಗಡೆ. ಹಳ್ಳಕ್ಕಿಳಿಯುವಾಗ ಒಂದ್ಸಲ ಡಬ್ ಅಂತದೆ, ಏಳುವಾಗ ಇನ್ನೊಂದ್ಸಲ" ಅಂದೆ.

"ನಿಂಗೆಂಗೆ ಗೊತ್ತು?"

"ನಾನು ಕೂರಾದು ಅದ್ರ ಮೇಲೇ ಅಲ್ವಾ?"

ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಜೋರಾಗಿ, "ಇಲ್ನೋಡಿ, ಸೌಂಡು ಹಿಂದ್ಗಡೆ ಕಣ್ರೀ. ಎಡಗಡೆ ಚಕ್ರ" ಅಂದರು.

"ಯಾರಂದ್ರು?"

"ನಾನೇ ಅಂತಿರಾದು!"

ನಾನು ಸೆರಗು ಸರಿಮಾಡಿಕೊಂಡೆ. ಇಷ್ಟು ವರ್ಷ ಸೊಂಟ ಸವೆಸಿ ಕಲಿತದ್ದು ನಾನು, ಹೇಳಿದ ಹೆಸರು ಅವರದು.

ಮೆಕ್ಯಾನಿಕ್ ಕಾರಿನ ಹಿಂದಿನ ಮೂಲೆಯ ಮೇಲೆ ಎರಡೂ ಕೈ ಊರಿ, ಬಲವಾಗಿ ಅದುಮಿ ಬಿಟ್ಟ. ಒಂದು ಸಲ ಎದ್ದು ನಿಲ್ಲಬೇಕಿದ್ದ ಕಾರು ತೊಟ್ಟಿಲಿನ ಹಾಗೆ ಮೇಲೆ ಕೆಳಗೆ ತೂಗುತ್ತಲೇ ಇತ್ತು. ಬಗ್ಗಿ ಚಕ್ರದ ಒಳಗೆ ಬೆರಳಾಡಿಸಿ, ಎಣ್ಣೆಯಲ್ಲಿ ಕರ‍್ರಗಾದ ಬೆರಳು ತೋರಿಸಿದ.

"ಎಣ್ಣೆ ಪೂರಾ ಸೋರೋಗದೆ ಸಾ. ಒಂದೇ ಕಡೆ ಆಕುದ್ರೆ ಗಾಡಿ ವಾಲ್ತದೆ. ಜೋಡಿ ಬದಲಾಯಿಸ್ಬೇಕು."

ಭಾವ ಕೈಯಾಡಿಸಿಬಿಟ್ಟರು. "ಹಿಂದೆ ತಾನೆ? ಸುಗ್ಗಿ ಮುಗೀಲಿ, ನೋಡಾಣ. ಹುಡುಗೀನ ಮುಂದೆ ಕೂರ್ಸ್ಕಂಡ್ ಬಂದ್ರಾಯ್ತು."

ಮತ್ತೆ ಅಕ್ಕನ ಕಿವಿಗೆ ಬಾಗಿದೆ. "ಮುಂದೆ ಆಗಲ್ಲ ಅಕ್ಕ. ಕಾಲು ನೀಡ್ಕಂಡು ಕೂರ್ಬೇಕಂತೆ. ಹಿಂದ್ಲು ಸೀಟೇ ಬೇಕು. ಒಂದು ಮಾತು ಹೇಳಿ."

ಅಕ್ಕ ಆ ಮಾತನ್ನು ದಾಟಿಸಲೇ ಇಲ್ಲ. ಹೋಗಿ ಹಿಂದಿನ ಬಾಗಿಲು ತೆಗೆದು ನನ್ನ ಜಾಗದಲ್ಲಿ ಕೂತರು.

"ಒಂದ್ರೌಂಡು ಓಡ್ಸಿ."

"ನಿಂಗೇನ್ ಬಂತೇ ಈಗ?"

"ಓಡ್ಸಿ ಅಂದೆ."

ಕಾರು ಹೋಯಿತು. ಹಳೇ ಟೈರುಗಳ ಪಕ್ಕದಲ್ಲಿ ನಿಂತು ಅದು ಹೋದ ದಾರಿ ನೋಡಿದೆ. ವಿಚಿತ್ರ ನೋಡಿ, ಆ ಜಾಗವನ್ನು ಎಷ್ಟು ಬೈದುಕೊಂಡಿದ್ದರೂ ಅಲ್ಲಿ ಅಕ್ಕ ಕೂತದ್ದು ನನಗೆ ಹಿಡಿಸಲಿಲ್ಲ. ಅದೊಂದಾದರೂ ನನ್ನದಾಗಿತ್ತು.

ಕಾರು ಬಂತು. ಅಕ್ಕ ಸೊಂಟ ಹಿಡಿದುಕೊಂಡು ಇಳಿದರು, ತುರುಬು ಬಿಚ್ಚಿಹೋಗಿತ್ತು. "ಅಯ್ಯಯ್ಯಪ್ಪಾ! ದಿನ ತುಂಬಿದ್ ಬಸ್ರೀನ ಇದ್ರಲ್ ಕೂರ್ಸುದ್ರೆ ದಾರೀಲೇ ಎರಿಗೆ ಆಯ್ತದೆ ಕಣ್ರೀ! ನನ್ ಮಗ್ಳಿಗೆ ಆಕ್ಸುದ್ರಲ್ಲ, ಇವಳ್ ಮಗ್ಳೇನು ಕಲ್ಲಾ? ಆಕ್ಸಿ, ಎಲ್ಡೂವೆ!" ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕೆ ಇಷ್ಟ್ ವರ್ಸ ಬಾಯ್ಬುಡ್ಲಿಲ್ಲ ಕಣೇ?" ಅಂದರು.

ಬಾಯಿ ಬಿಡಬೇಕಿದ್ದರೂ ಅದು ಅವರ ಬಾಯೇ ಆಗಿತ್ತಲ್ಲ.

ಭಾವ ಜೇಬಿನಿಂದ ದುಡ್ಡು ತೆಗೆದರು. ಹೊಸ ಶಾಕ್ ಬಂದವು. ಮೆಕ್ಯಾನಿಕ್ ಹಳೆಯದನ್ನು ಕಿತ್ತು ನೆಲದ ಮೇಲೆ ನಿಲ್ಲಿಸಿ ಕೈಯಲ್ಲಿ ಒತ್ತಿದ. ಒಳಹೋದ ಸರಳು ಮೇಲೆ ಬರಲೇ ಇಲ್ಲ, ಹೋಗಿ ಅಲ್ಲೇ ಕೂತಿತು. ಹೊಸದನ್ನು ಜೋಡಿಸಿ ಜಾಕ್ ಇಳಿಸಿದ ಮೇಲೆ, "ಭಾರ ಬಿದ್ಮೇಲೇ ಕೆಳಗಿನ ಬೋಲ್ಟ್ ಬಿಗೀಬೇಕು. ಇಬ್ರೂ ಕೂತ್ಕಳಿ ಅಕ್ಕ" ಅಂದ. ಅಕ್ಕ ಅಭ್ಯಾಸಬಲದಿಂದ ಮುಂದಿನ ಬಾಗಿಲಿಗೆ ಕೈ ಹಾಕಿದರು. "ಅಲ್ಲಲ್ಲ ಕಣಕ್ಕ, ಹಿಂದ್ಕೆ!" ಹೀಗೆ ನಾವಿಬ್ಬರೂ ಮೊದಲ ಸಲ ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತೆವು. ಬೋಲ್ಟ್ ಬಿಗಿಯುವಷ್ಟರಲ್ಲಿ ಅಕ್ಕ ನನ್ನ ಬಾಯಿಗೊಂದು ಎಲೆಅಡಿಕೆ ಇಟ್ಟರು. ಥ್ಯಾಂಕ್ಸ್ ಎನ್ನುವುದೆಲ್ಲ ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅನ್ನುತ್ತಿದ್ದೆನೋ ಇಲ್ಲವೋ.

ಮಗಳನ್ನು ಕರೆತರುವ ದಿನ ನಿಮ್ಮ ತಾತ ಓಡಿಸಿದರು. ಅಕ್ಕನೂ ಹೊರಟರು. ಚನ್ನರಾಯಪಟ್ಟಣದ ಮನೆಯಲ್ಲಿ ಮಡಿಲು ತುಂಬಿಸಿಕೊಂಡು ಮಗಳು ಹೊರಗೆ ಬಂದಳು. ಕಾಲು ನೀಡಿದರೆ ಹಿಂದೆ ಇನ್ನೊಬ್ಬರಿಗೆ ಮಾತ್ರ ಜಾಗ. ನಾನು ಬೀಗಿತ್ತಿಗೆ ಹೋಗಿಬರುತ್ತೇವೆ ಎನ್ನುವಷ್ಟರಲ್ಲಿ ಅಕ್ಕ ಹತ್ತಿ ಕೂತಾಗಿತ್ತು. "ನನ್ ಸೊಂಟಕ್ಕೂ ಈಗ ಹಿಂದ್ಲು ಸೀಟೇ ಹಿತ ಕಣೇ. ನೀನ್ ಮುಂದೆ ಕೂತ್ಕ."

ಮಗಳಾದರೂ ಅಮ್ಮ ಬರಲಿ ಎನ್ನುತ್ತಾಳೇನೋ ಎಂದು ನೋಡಿದೆ. "ಶಾಕ್ ಆಕ್ಸಿದ್ದು ನೀವಂತೆ ದೊಡ್ಡಮ್ಮ, ಅಪ್ಪ ಏಳ್ತು" ಎಂದು ನಗುತ್ತಾ ಕಾಲು ತೆಗೆದು ಅವರ ತೊಡೆಯ ಮೇಲಿಟ್ಟಳು.

ನಾನು ಮುಂದೆ ಕೂತೆ. ಅಷ್ಟು ವರ್ಷ ಆಸೆಪಟ್ಟ ಸೀಟು. ಕಿಟಕಿಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಬೀಗರು ಕೊಟ್ಟ ಬುಟ್ಟಿ ಮಾತ್ರ ಇಲ್ಲಿಯೂ ನನ್ನ ತೊಡೆಯ ಮೇಲೇ ಇತ್ತು. ರಸ್ತೆ ನೋಡಲಿಲ್ಲ, ಹಿಂದಕ್ಕೇ ತಿರುಗಿ ತಿರುಗಿ ನೋಡಿದೆ. ಕತ್ತು ನೋಯತೊಡಗಿದಾಗ ಕನ್ನಡಿಯನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಲೇ, ಕನ್ನಡಿ ಮುಟ್ಬೇಡ, ಹಿಂದ್ಲ್ ಗಾಡಿ ಕಾಣಲ್ಲ ನಂಗೆ" ಎಂದು ನಿಮ್ಮ ತಾತ ಗದರಿದರು.

ದಾರಿಯಲ್ಲಿ ಒಂದು ದೊಡ್ಡ ಹಳ್ಳ ಬಂತು. ಅಭ್ಯಾಸದಂತೆ ಹಲ್ಲು ಕಚ್ಚಿ, ಸೀಟು ಹಿಡಿದು ಕಾದೆ. ಡಬ್ ಎನ್ನಲಿಲ್ಲ. ಕಾರು ಮೆಲ್ಲಗೆ ಇಳಿದು ಮೆಲ್ಲಗೆ ಎದ್ದಿತು. ತಿರುಗಿ ನೋಡಿದರೆ ಮಗಳಿಗೆ ನಿದ್ದೆ ಹತ್ತಿತ್ತು. ಅಕ್ಕ ಒಂದು ಕೈಯಲ್ಲಿ ಅವಳ ಊದಿದ ಪಾದ ನೀವುತ್ತಾ, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು ನನಗೆ ಸುಮ್ಮನಿರು ಎಂದು ಸನ್ನೆ ಮಾಡಿದರು.

ನಾನು ಮಾತೇ ಆಡಿರಲಿಲ್ಲ.

ಅವಳ ಹೊಟ್ಟೆಯೊಳಗಿದ್ದವಳು ನೀನೇ, ನನ್ನ ದೊಡ್ಡ ಮೊಮ್ಮಗಳೇ. ಒಂದು ಕುಲುಕೂ ತಾಗದೆ ನೀನು ಮನೆಗೆ ಬಂದೆ. ಅದೇ ನನಗೆ ಬೇಕಾಗಿದ್ದದ್ದು, ಅದು ಆಯಿತು. ಆದರೆ ಆ ದಾರಿಯಷ್ಟೂ ನಿನ್ನ ಪಕ್ಕದಲ್ಲಿ ಕೂತು ಬಂದವರು ದೊಡ್ಡಜ್ಜಿ. ಈಗಲೂ ಅವರು ನಿನ್ನನ್ನು "ನಾನ್ ಕರ್ಕಂಡ್ ಬಂದ್ ಮಗು" ಎನ್ನುತ್ತಾರಲ್ಲ, ಆಗೆಲ್ಲ ನಾನು ಎದ್ದು ಅಡಿಗೆಮನೆಗೆ ಹೋಗುವುದು ಇದಕ್ಕೇ.