ಅಕ್ಕನ ಕತ್ತಲ ಕೋಣೆಗೆ ನಾನು ಕಟ್ಟಿದ ಕೋಟೆ

ಅಕ್ಕ ನನ್ನನ್ನು ಕೇಳಿದ್ದು ಒಂದು ಸ್ವಿಚ್ಚು. ನಾನು ಅವಳಿಗೊಂದು ಕೋಟೆಯನ್ನೇ ಕಟ್ಟಿಕೊಟ್ಟೆ, ಸ್ವಿಚ್ಚು ಮಾತ್ರ ಇಡಲಿಲ್ಲ. ಈ ಕಥೆಯಲ್ಲಿ ಮೂರ್ಖ ಯಾರು ಎಂದು ಹುಡುಕುತ್ತ ಕೂರುವ ತ್ರಾಸು ಓದುವವರಿಗೆ ಯಾಕೆ? ಅದು ನಾನೇ. ನಮ್ಮ ಮನೆಯಲ್ಲಿ ಆ ಹುದ್ದೆಗೆ ಬೇರೆ ಯಾರೂ ಅರ್ಜಿ ಹಾಕಿದ್ದಿಲ್ಲ.

ನಮ್ಮ ಮನೆ ಇರುವುದು ಬಸವಕಲ್ಯಾಣದಲ್ಲಿ, ಕೋಟೆಯ ಕಡೆಗೆ ಹೋಗುವ ಒಂದು ಓಣಿಯಲ್ಲಿ. ನನ್ನ ಕೆಲಸ ಹುಮನಾಬಾದಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತೇನೆ. ಕೈಗೆ ಅಲ್ಲಿ ಕೆಲಸ. ಬಾಯಿಗೆ ಎಲ್ಲ ಕಡೆಯೂ ಕೆಲಸ. ಕಂಡವರ ದನಿಯನ್ನು ತೆಗೆಯುವುದು, ಅಂದರೆ ಅವರಂತೆಯೇ ಮಾತಾಡಿ ತೋರಿಸುವುದು, ನನ್ನ ಚಟ. ಕಂಡಕ್ಟರ್ ಮೂಗಿನಿಂದ ‘ಹಿಂದ ಸರೀರಿ’ ಅನ್ನುವುದು, ಅವ್ವ ದೇವರ ಜಗಲಿಯ ಮುಂದೆ ಕಣ್ಣು ಮುಚ್ಚಿಕೊಂಡೇ ‘ಹಾಲು ಉಕ್ತು ನೋಡ್ರೋ’ ಅನ್ನುವುದು, ಎಲ್ಲವೂ ನನ್ನ ಗಂಟಲಲ್ಲಿವೆ. ಸಿಟ್ಟು ಬಂದಾಗ ನನ್ನ ದನಿಯೇ ನಡುವೆ ಒಡೆದು ಕೀಚಲಾಗುತ್ತದೆ. ಅದನ್ನೂ ತೆಗೆಯುತ್ತೇನೆ, ಎಲ್ಲಕ್ಕಿಂತ ಹೆಚ್ಚು ನಗು ಅದಕ್ಕೇ ಬರುತ್ತದೆ.

ಆದರೆ ನನ್ನ ಹೆಮ್ಮೆಯ ದನಿ ಹುಮನಾಬಾದಿನ ಫೋಟೋ ಸ್ಟುಡಿಯೋ ಮಾಲಕರದು. ಅಕ್ಕ ಅವರಿಗೆ ಮದುವೆಯ ವಿಡಿಯೋಗಳನ್ನು ಮನೆಯಲ್ಲೇ ಕೂತು ಎಡಿಟ್ ಮಾಡಿಕೊಡುತ್ತಾಳೆ. ಮಾಲಕರು ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ, ಆಮೇಲೆ ‘ಅಂದ್ರ ಹ್ಯಾಂಗಂದ್ರ’ ಅನ್ನುತ್ತಾರೆ, ಆಮೇಲೆ ತುಸು ಹೊತ್ತು ಏನೂ ಅನ್ನುವುದಿಲ್ಲ. ನಾನು ಗೆಳೆಯರ ಫೋನಿನಿಂದ ಅಕ್ಕನಿಗೆ ಹಚ್ಚಿ, “ಅಂದ್ರ ಹ್ಯಾಂಗಂದ್ರ... ತಂಗಿ, ಮದುಮಗನ ಮೀಸಿ ಒಂದೀಟು ದಪ್ಪ ಮಾಡಾಕ ಬರ್ತದೇನು?” ಅನ್ನುತ್ತಿದ್ದೆ. ಅವಳು “ನೋಡ್ತೀನ್ರಿ” ಅಂದು ಗಂಭೀರವಾಗಿ ಯೋಚಿಸತೊಡಗಿದ ಕೂಡಲೇ ನನಗೆ ನಗು ತಡೆಯಲಾಗುತ್ತಿರಲಿಲ್ಲ, ಸಿಕ್ಕಿಬೀಳುತ್ತಿದ್ದೆ. ಹೊಸ ನಂಬರಿನಿಂದ ಮಾಲಕರ ದನಿ ಬಂದರೆ ಅದು ತಮ್ಮನೇ ಎಂದು ಅವಳು ಗಟ್ಟಿ ಮಾಡಿಕೊಳ್ಳುವಷ್ಟು ಸಲ ಇದು ನಡೆದಿತ್ತು.

ಅಕ್ಕ ಕೆಲಸ ಮಾಡುವ ಕೋಣೆಯಲ್ಲಿ ಮೊದಲು ಜೋಳದ ಚೀಲಗಳಿದ್ದವು. ಕಿಟಕಿ ಇಲ್ಲ. ಇದ್ದೊಂದು ಬೆಳಕಿಂಡಿಗೂ ಅವಳು ಹಳೆಯ ಕಪ್ಪು ಬಟ್ಟೆ ಬಡಿದಿದ್ದಳು. ಬಾಗಿಲು ಮುಚ್ಚಿ, ದೀಪ ಆರಿಸಿ, ಪರದೆಯ ಮುಂದೆ ಕೂತಳೆಂದರೆ ಊಟಕ್ಕೆ ಕರೆದು ಕರೆದು ಅವ್ವನ ಗಂಟಲು ಆರಬೇಕು. ಹೋದ ವರ್ಷ ಅಕ್ಕನಿಗೆ ಕೂಡಿಬಂದಿದ್ದ ಸಂಬಂಧವೊಂದು ತಪ್ಪಿತ್ತು. ಅವಳು ಸ್ಟುಡಿಯೋದ ಕೆಲಸ ಹಿಡಿದದ್ದೂ ಅದೇ ಸುಮಾರಿಗೆ. ಅವ್ವ ಎರಡನ್ನೂ ಸೇರಿಸಿ ಗಂಟು ಹಾಕಿದಳು.

“ಹುಡುಗಿ ಮನಸ್ಸಿಗಿ ಹಚ್ಕೊಂಡಾಳೋ. ಮಂದಿ ಮದಿವಿ ನೋಡ್ಕೋತ ದಿನಾ ಕತ್ತಲದಾಗ ಕುಂಡ್ರತಾಳ. ಕರಳು ಚುರ್ ಅಂತದ ನನಗ.”

ನಾನು ಅವ್ವನ ಆ ದನಿಯನ್ನೂ ತೆಗೆದು ಅವಳಿಗೇ ಕೇಳಿಸಿ ನಗಿಸಿದೆ. ಆದರೆ ಮಾತು ಮಾತ್ರ ನನ್ನೊಳಗೆ ಉಳಿಯಿತು. ದನಿ ತೆಗೆಯುವುದರಲ್ಲಿ ಇದೊಂದು ಕೆಡುಕಿದೆ. ಹೇಳಿದ್ದನ್ನೇ ಹೇಳುತ್ತ ಹೋದರೆ ಹೇಳಿದವರ ದುಃಖವೂ ಸ್ವಲ್ಪ ಅಂಟಿಕೊಳ್ಳುತ್ತದೆ.

ಬೇಸಿಗೆ ಬಂತು. ಆ ಮುಚ್ಚಿದ ಕೋಣೆಯ ಸೆಕೆಗೆ ಅಕ್ಕನ ಹಳೆ ಕಂಪ್ಯೂಟರ್ ಕೆಲಸದ ನಡುವೆಯೇ ಕಾದು ಬಂದ್ ಆಗತೊಡಗಿತು. ಮಾಡಿದ್ದೆಲ್ಲ ನೀರುಪಾಲು. ಅದೇ ಹೊತ್ತಿಗೆ ಮಾಲಕರು, ನಿಜವಾದ ಮಾಲಕರೇ, ಹಳ್ಳಿಖೇಡದ ಒಂದು ದೊಡ್ಡ ಮದುವೆಯ ಕೆಲಸ ಕೊಟ್ಟು ಹೇಳಿದರು: “ಅಂದ್ರ ಹ್ಯಾಂಗಂದ್ರ... ಇದೊಂದು ಚಂದ ಮಾಡಿ ಟೈಮಿಗಿ ಕೊಡು ತಂಗಿ. ಕೊಟ್ಟಿ ಅಂದ್ರ ಈ ಸೀಜನ್ ಪೂರಾ ನಿಂದೇ. ಇಲ್ಲಂದ್ರ ಎಲ್ಲಾ ಕಲಬುರ್ಗಿ ಲ್ಯಾಬಿಗಿ ಹೋಗ್ತದ.”

ಅಕ್ಕ ಯಾರ ಹತ್ತಿರವೂ ಏನೂ ಕೇಳುವವಳಲ್ಲ. ಅವತ್ತು ಮಾತ್ರ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ ಮೆಲ್ಲಗೆ, “ತಮ್ಮಾ, ಮಶೀನ್ ನಡುವ ಸಾಯಬಾರ್ದು ನೋಡು. ಅಷ್ಟ ಮಾಡಿಕೊಡು. ಈ ಕೆಲಸ ನನಗ ಬೇಕು” ಅಂದಳು.

ನೆಟ್ಟಗಿನ ಎರಡು ಫ್ಯಾನು ಹಾಕಿದ್ದರೂ ನಡೆಯುತ್ತಿತ್ತು. ಆದರೆ ನೆಟ್ಟಗಿನದು ನನಗೆ ಯಾವಾಗ ಒಗ್ಗಿದೆ? ನೀರಿನಿಂದ ತಂಪಾಗುವ ಕಂಪ್ಯೂಟರ್ ಕಟ್ಟುತ್ತೇನೆಂದು ಹಟ ಹಿಡಿದೆ. ಒಳಗಿನ ಬಿಸಿಯಾಗುವ ಚಿಪ್‌ನ ಮೇಲೆ ಒಂದು ತಾಮ್ರದ ಬಿಲ್ಲೆ; ಅದರೊಳಗೆ ನೀರು ಹರಿದು ಬಿಸಿಯನ್ನು ಹೊತ್ತುಕೊಂಡು, ಪಾರದರ್ಶಕ ಪೈಪಿನಲ್ಲಿ ಸುತ್ತಿ, ರೇಡಿಯೇಟರಿನಲ್ಲಿ ಆರಿ, ಪಂಪು ತಳ್ಳಿದಂತೆ ಮತ್ತೆ ಬರುತ್ತದೆ. ನೀರು ಸುತ್ತುವುದು ಅಂದ ಕೂಡಲೇ ನನಗೆ ನಮ್ಮೂರ ಕೋಟೆಯ ಕಂದಕ ಕಂಡಿತು. ಡಬ್ಬಿಯೇ ಕೋಟೆ, ಪೈಪೇ ಕಂದಕ, ಗೋಡೆಯ ಕಿಂಡಿಗಳಲ್ಲಿ ದೀವಟಿಗೆಯ ಬಣ್ಣದ ದೀಪ. ಅಕ್ಕನ ಕತ್ತಲನ್ನು ಒಂದೇ ಏಟಿಗೆ ಓಡಿಸುವುದು.

ಡಬ್ಬಿ ಮಾಡಲು ಹುಮನಾಬಾದಿನ ಕೂಲರ್ ಚಾಚಾನ ಹತ್ತಿರ ಹೋದೆ. ತಗಡಿನ ಪತ್ರಾ ಕತ್ತರಿಸಿ, ಬಡಿದು, ಬದಿಗೆ ನೀರು ಹೀರುವ ಹುಲ್ಲು ತುಂಬಿ, ನಮ್ಮ ಕಡೆಯ ಮನೆಗಳಿಗೆಲ್ಲ ಬೇಸಿಗೆಯ ಕೂಲರ್ ಮಾಡಿಕೊಡುವ ಮನುಷ್ಯ. ನೀರು ಹಾಕಿ ತಂಪು ಮಾಡುವ ಕಂಪ್ಯೂಟರ್ ಅಂದರೆ ಎಲ್ಲರೂ ಹುಬ್ಬೇರಿಸಿದ್ದರು. ಚಾಚಾ ಮಾತ್ರ ಏನೂ ವಿಶೇಷವಿಲ್ಲ ಎಂಬಂತೆ ಅಳತೆಯ ಟೇಪು ಹಿಡಿದ.

“ಹುಲ್ಲು ಯಾವ ಬಾಜೂಕ್ಕ ಹಾಕಲಿ ಬೇಟಾ?”

“ಹುಲ್ಲು ಬ್ಯಾಡ ಚಾಚಾ.”

“ಹುಲ್ಲಿಲ್ದ ಹ್ಯಾಂಗ ತಂಪಾಗ್ತದ? ನಾಳಿ ಮಂದಿ ನನಗ ಬೈತಾರ.”

“ಇದು ಕೋಟೆ ಚಾಚಾ, ಕೂಲರ್ ಅಲ್ಲ.”

“ಕೋಟೆ ಇರ್ಲಿ ಮಹಲ್ ಇರ್ಲಿ, ಸೆಕಿ ಎಲ್ಲಾರಿಗೂ ಆಗ್ತದ.”

ತಲೆಯ ಮೇಲೆ ಕೋಟೆಗೋಡೆಯ ಹಲ್ಲುಹಲ್ಲು ತೆನೆ, ಮುಂದೆ ಕಮಾನಿನ ಬಾಗಿಲು, ಸುತ್ತ ಕಿಂಡಿ, ಎಲ್ಲವನ್ನೂ ಚಾಚಾ ಚಂದ ಕತ್ತರಿಸಿದ. ಕೆಳಗೆ ನಾಲ್ಕು ಗಾಲಿ ಮಾತ್ರ ನಾನು ಹೇಳದೆಯೇ ಬಂದವು. ಗಾಲಿ ಇಲ್ಲದ ಡಬ್ಬಿ ಅವನ ಅಂಗಡಿಯಿಂದ ಹೊರಬಿದ್ದದ್ದೇ ಇಲ್ಲವಂತೆ. ಹೀಗೆ ಜಗತ್ತಿನಲ್ಲಿ ತಳ್ಳಿಕೊಂಡು ಹೋಗಬಹುದಾದ ಮೊದಲ ಕೋಟೆ ನಮ್ಮದಾಯಿತು.

ಬಸ್ಸಿಗೆ ಏರಿಸಿದಾಗ ಕಂಡಕ್ಟರ್ ಸುತ್ತಲೂ ನೋಡಿ, “ಏನ್ ತಮ್ಮಾ ಇದು, ಗಣಪತಿ ಮಂಟಪೇನು?” ಅಂದ.

“ಕೋಟೆ ರೀ.”

“ಕಲ್ಯಾಣದಾಗ ಒಂದು ಅದ ಅಲಾ, ಮತ್ತೊಂದ್ಯಾಕ?”

ಬಸ್ಸಿಗೆ ಬಸ್ಸೇ ನಕ್ಕಿತು. ದಾರಿಯುದ್ದಕ್ಕೂ ನನಗೆ ‘ಬಾದಶಾಹ’ ಅನ್ನುವ ಹೆಸರು ಬಿತ್ತು. ಊರಿನವರ ದನಿ ತೆಗೆಯುವವನಿಗೆ ಇಷ್ಟಾದರೂ ಆಗಬೇಕಿತ್ತು.

ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ. ಪೈಪು ಕೂಡುವಲ್ಲೆಲ್ಲ ಕೆಳಗೆ ಕಾಗದ ಹಾಸಿ, ಬರೀ ಪಂಪು ಓಡಿಸಿ, ಎಲ್ಲಿ ಹನಿ ಬೀಳುತ್ತದೆಂದು ಮಗು ಮಲಗಿದ ತೊಟ್ಟಿಲು ಕಾಯುವವನಂತೆ ಕಾದೆ. ಒಂದು ಕಡೆ ಕಾಗದ ಒದ್ದೆಯಾಯಿತು, ಬಿಗಿದೆ, ಆಮೇಲೆ ಒಣಗಿಯೇ ಇತ್ತು. ಕೊನೆಗೆ ದೀಪದ ಪಟ್ಟಿ. ಅದಕ್ಕೆ ಬೇರೆ ದಾರಿ ಮಾಡುವ ವ್ಯವಧಾನ ನನಗಿರಲಿಲ್ಲ. ಪಂಪಿನ ವೈರ್‌ಗೇ ಅದನ್ನೂ ಸೇರಿಸಿ ಟೇಪು ಸುತ್ತಿದೆ. ಅಂದರೆ ದೀಪ ಆರಿಸಿದರೆ ನೀರೂ ನಿಲ್ಲುತ್ತದೆ, ನೀರು ನಿಂತರೆ ಮಶೀನು ಕಾದು ಸಾಯುತ್ತದೆ. ಯಾರು ಆರಿಸುತ್ತಾರೆ ಬಿಡು, ಅಂದುಕೊಂಡೆ.

ಹಚ್ಚಿದ ಕೂಡಲೇ ಕೋಣೆಯೆಲ್ಲ ಬೆಂಕಿಯ ಬಣ್ಣ. ಅಕ್ಕ ಬೆರಗಾಗಿ ನೋಡಿದಳು, ನಕ್ಕಳು, ಆಮೇಲೆ ಪರದೆಯ ಕಡೆ ತಿರುಗಿ ಕಣ್ಣು ಕಿರಿದು ಮಾಡಿದಳು.

“ಭಾಳ ಚಂದ ಆಗ್ಯಾದೋ. ದೀಪಕ್ಕ ಒಂದು ಸ್ವಿಚ್ ಇಡು.”

“ಕೋಟ್ಯಾಗಿನ ದೀವಟಿಗಿ ಯಾರರ ಆರಸ್ತಾರೇನಕ್ಕಾ?” ಅಂದೆ, ಯಾವುದೋ ರಾಜನ ದನಿಯಲ್ಲಿ. ವೈರ್‌ನ ವಿಷಯ ಹೇಳಲಿಲ್ಲ.

ಅಷ್ಟರಲ್ಲಿ ಅವ್ವ ವಿಭೂತಿ ಕುಂಕುಮ ತಂದಳು. ಗಾಲಿ ಇದೆಯಲ್ಲ, ಅಂದಮೇಲೆ ಗಾಡಿಯೇ. ನಾಲ್ಕೂ ಗಾಲಿಗೆ ಲಿಂಬೆಹಣ್ಣು ಇಟ್ಟಳು. ನಾನು ಕೋಟೆಯನ್ನು ಒಂದು ಗೇಣು ಮುಂದೆ ತಳ್ಳಿ ಲಿಂಬೆ ಚಪ್ಪಟೆ ಮಾಡಿದೆ. ಅವ್ವ ಅಕ್ಕನ ಗದ್ದ ಹಿಡಿದು ಆ ಬೆಳಕಿಗೆ ಎತ್ತಿ, “ಈಗ ನೋಡು, ನನ್ನ ಮಗಳ ಮಾರಿ ಕಾಣಾಕತ್ತದ” ಅಂದಳು. ಕಣ್ಣಂಚು ಒರೆಸಿಕೊಂಡಳು.

ಅಕ್ಕ ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು. ಸ್ವಿಚ್ಚಿನ ಮಾತನ್ನು ಮತ್ತೆ ಎತ್ತಲಿಲ್ಲ.

ಮಶೀನು ಒಂದು ಸಲವೂ ಸಾಯಲಿಲ್ಲ. ಅಕ್ಕ ಮದುವೆಯನ್ನು ಹೇಳಿದ ಹೊತ್ತಿಗೆ ಮುಗಿಸಿ ಕಳಿಸಿದಳು. ನಾನು ಓಣಿಯಲ್ಲಿ ನಿಜವಾಗಿಯೂ ಬಾದಶಾಹನಂತೆ ನಡೆದೆ.

ಅದಾದ ಮೇಲೆ ಒಂದು ಸಂಜೆ ಕೆಲಸ ಮುಗಿಸಿ ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಅಕ್ಕನ ಫೋನು ರಿಂಗಾಯಿತು. ಹೊಸ ನಂಬರು. ಆ ಕಡೆಯಿಂದ ಬಂದದ್ದು ಇದು ಎಂದು ಆಮೇಲೆ ಅವಳೇ ಹೇಳಿದಳು: “ಅಂದ್ರ ಹ್ಯಾಂಗಂದ್ರ... ತಂಗಿ, ಅರಿಷಿಣ ಹಚ್ಚಿದ್ದು ಮದುಮಗಳಿಗಿ. ನೀ ಬೀಗರಿಗೆಲ್ಲಾ ಹಚ್ಚಿ ಬಿಟ್ಟಿ. ಸ್ವಾಮಿಗೋಳು ಹಳದಿ, ಅನ್ನ ಹಳದಿ, ಬಿಳಿ ಕುದುರಿ ಸೈತ ಹಳದಿ.”

ನನಗೆ ಕೇಳಿಸಿದ್ದು ಅಕ್ಕನ ಗರ್ಜನೆ ಮಾತ್ರ.

“ಬಾಯಿ ಮುಚ್ಚು ಮೂಳ! ಹಳದಿ ಆಗ್ದ ಏನಾಗ್ತದ? ಬೆಂಕಿ ಬಣ್ಣದ ದೀಪ ಕಣ್ಣಿಗಿ ಹೊಡದ್ರ ಪರದಿ ನೀಲಿ ಕಾಣ್ತದ. ನೀಲಿ ಅದ ಅಂತ ನಾ ಹಳದಿ ಏರಸ್ಕೋತ ಹೋಗೀನಿ, ಕಳಿಸಿದ ಮ್ಯಾಲ ತಿಳೀತು. ಒಂದು ಸ್ವಿಚ್ ಇಡೋ ಅಂದ್ರ ರಾಜನ ನಾಟಕ ಮಾಡ್ದಿ! ಅವ್ವಗ ಖುಷಿ ಆಗ್ಯಾದಂತ ನಾ ಸುಮ್ನ ಕುಂತೆ. ಮತ್ತ ಆ ನಿನ್ನ ಮಾಲಕರೇನು ಕಡಿಮಿ? ಮಂಟಪದ ಹಳದಿ ಬಲ್ಬಿಗಿ ಕ್ಯಾಮೆರಾ ಸೆಟ್ ಮಾಡ್ಕೊಳ್ಳಾಂಗಿಲ್ಲ, ಹಂಗೇ ಹೊಡಕೊಂಡ್ ಬರ್ತಾರ. ಅರ್ಧ ಅರಿಷಿಣ ಅವರದೇ! ಆ ದೀಪ ಕಿತ್ತಿ ಒಗಿ, ಎಲ್ಲಾ ಸರಿ ಮಾಡಿ ಅವರ ಟೇಬಲ್ ಮ್ಯಾಲ ಇಡ್ತೀನಿ.”

ಯಾರಿಗೆ ಇಷ್ಟು ಪೂಜೆ ನಡೆದಿದೆ ನೋಡೋಣವೆಂದು ನಾನು ಬಸ್ಸಿನಲ್ಲಿ ಕೊಂಡ ಸೌತೆಕಾಯಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಳಗೆ ಹೋದೆ.

ಅಕ್ಕ ನನ್ನನ್ನು ನೋಡಿದಳು. ಫೋನನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಫೋನಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ತುಸು ಹೊತ್ತು ಏನೂ ಇಲ್ಲ. ಆ ಮೌನವನ್ನು ನಾನು ಎಷ್ಟೋ ಸಲ ತೆಗೆದಿದ್ದೇನೆ. ಅಸಲಿಯ ತೂಕ ನನ್ನದಕ್ಕೆ ಎಂದೂ ಬಂದಿರಲಿಲ್ಲ.

“ಅಂದ್ರ ಹ್ಯಾಂಗಂದ್ರ,” ಅಂದರು ಮಾಲಕರು. “ರವಿವಾರದ ಮಟಾ ನೋಡ್ತೀನಿ.” ಫೋನು ಇಟ್ಟರು.

ಅಕ್ಕ ಫೋನನ್ನು ಕೆಳಗಿಟ್ಟಳು. ನನಗೆ ಒಂದು ಗುದ್ದಾದರೂ ಕೊಟ್ಟಿದ್ದರೆ ಹಗುರಾಗುತ್ತಿತ್ತು. ಕೊಡಲಿಲ್ಲ. “ಹೋತು ನೋಡು” ಅಂದಳು ಅಷ್ಟೇ. ನಾನು ಸ್ಕ್ರೂಡ್ರೈವರ್ ಹುಡುಕಿ ತಂದೆ.

ಅವ್ವನ ಬಕೀಟಿಗೆ ಕಂದಕದ ನೀರನ್ನು ಇಳಿಸಿದೆ. ಕೋಟೆ ಬಿಚ್ಚಿದೆ. ವೈರು ಬೇರೆ ಮಾಡಿ, ಕಿಂಡಿಗಳಿಂದ ದೀವಟಿಗೆಯ ಪಟ್ಟಿಯನ್ನು ಗೇಣುಗೇಣಾಗಿ ಕಿತ್ತೆ. ಅಕ್ಕ ಪಕ್ಕದಲ್ಲಿ ಕೂತು ಮೊಬೈಲಿನ ಟಾರ್ಚ್ ಹಿಡಿದಿದ್ದಳು.

“ಮೊದಲ್ನೇ ದಿನಾನೇ ಕಿತ್ತಿ ಒಗೀಬೇಕಿತ್ತು. ಯಾಕ ಬಿಟ್ಟಿ?” ಅಂದೆ.

“ನೀ ಅಷ್ಟು ದೂರಿಂದ ಹೊತ್ಕೊಂಡ್ ಬಂದಿದ್ದಿ. ಹ್ಯಾಂಗ ಕೀಳಲಿ?” ಅಂದಳು. “ಕತ್ತಲದಾಗ ಬಣ್ಣ ಖರೇ ಕಾಣ್ತಾವೋ. ಅದಕ್ಕ ಕುಂಡ್ರತೀನಿ. ನೀವು ಏನೇನೋ ತಿಳ್ಕೋತೀರಿ.”

ಇದನ್ನು ಅವ್ವನಿಗೆ ಹೋಗಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, “ಯಾರ ದನಿ ತೆಗ್ಯಾಕತ್ತಿ ಈಗ?” ಅಂದಳು. ಹೀಗಾಗಿದೆ ನನ್ನ ಮಾತಿನ ಬೆಲೆ.

ನೀರನ್ನು ಮತ್ತೆ ತುಂಬಿಸಿದೆ. ಕೋಟೆ ಈಗ ಕಪ್ಪಗೆ, ಮೆಲ್ಲಗೆ, ಗಾಲಿಯ ಮೇಲೆ ನಿಂತು ನೀರು ಸುತ್ತಿಸುತ್ತಿತ್ತು. ಅಕ್ಕ ಬೆಳಕಿಂಡಿಗೆ ಬಟ್ಟೆ ಬಿಗಿದು ಒಳಗೆ ಹೊಕ್ಕಳು. ಕುದುರೆ ಬಿಳಿಯಾಯಿತು, ಅನ್ನ ಬಿಳಿಯಾಯಿತು, ಮದುಮಗಳ ಕೆನ್ನೆಯ ಮೇಲಷ್ಟೇ ಅರಿಷಿಣ ಉಳಿಯಿತು. ರವಿವಾರಕ್ಕೆ ಮುಂಚೆಯೇ ಕಳಿಸಿದಳು. ಆಮೇಲೆ ಕಾಯುವುದು. ಯಾರ ಫೋನು ರಿಂಗಾದರೂ ಅವ್ವ ಸೌಟು ಹಿಡಿದು ಪಡಸಾಲೆಗೆ ಬರುತ್ತಿದ್ದಳು. ನಾನು ಆ ದಿನಗಳಲ್ಲಿ ಯಾರಿಗೂ ಯಾರಂತೆಯೂ ಫೋನು ಮಾಡಲಿಲ್ಲ.

ರವಿವಾರ ಮಧ್ಯಾಹ್ನ ಮುಚ್ಚಿದ ಬಾಗಿಲಿನ ಒಳಗೆ ಫೋನು ರಿಂಗಾಯಿತು. ನಾನೂ ಅವ್ವನೂ ಬಾಗಿಲಿಗೆ ಕಿವಿ ಹಚ್ಚಿದೆವು. “ಹೌದ್ರಿ... ಇಲ್ರಿ... ಆಯ್ತ್ರಿ.” ಅಷ್ಟೇ. ಮಾತು ಮುಗಿಯಿತು. ಬಾಗಿಲ ಕೆಳಗೆ ಸಣ್ಣಗೆ ಕಾಣುತ್ತಿದ್ದ ದೀಪದ ಗೆರೆಯೂ ಆರಿತು.

ಅವ್ವ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು. ಆಮೇಲೆ ತಡೆಯಲಾರದೆ ಬಾಗಿಲು ದೂಡಿದಳು. ಹೊರಗಿನ ಬಿಸಿಲೆಲ್ಲ ಒಮ್ಮೆಗೇ ಒಳಗೆ ನುಗ್ಗಿತು. ಪರದೆಯ ಮುಂದೆ ಅಕ್ಕನ ಬೆನ್ನು ಕಂಡಿತು.

“ಹೋದ್ರ ಹೋಗ್ಲಿ ಬಿಡವ್ವಾ,” ಅಂದಳು ಅವ್ವ. “ಕತ್ತಲದಾಗ ಒಬ್ಬಾಕಿನೇ ಕುಂತು ಅಳಬ್ಯಾಡ.”

ಅಕ್ಕ ತಿರುಗಿಯೂ ನೋಡಲಿಲ್ಲ.

“ಅಳಾಕತ್ತಿಲ್ಲ ಬೇ. ಸೀಜನ್ ಪೂರಾ ನಮಗೇ ಕೊಟ್ಟಾರ, ಘಾಟಬೋರಾಳದ ಮದಿವಿ ವಿಡಿಯೋ ಬಂದೇ ಬಿಟ್ಟದ. ಕದ ಹಾಕು, ಬಣ್ಣ ಕಾಣವಲ್ದು.”